ಭೂಕಂಪದಲ್ಲಿ ಪಕ್ಕದ ಕಟ್ಟಡ ಬಂದು ಬಡಿದರೆ: ಸಂದು ಬಿಡೋದೋ, ಜೋಡಿಸೋದೋ, ಗಟ್ಟಿ ಮಾಡೋದೋ?

ಎರಡು ಕಟ್ಟಡಗಳ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದ್ದೀರಾ? ನಾನು ಒಮ್ಮೆ ನೋಡಿದೆ. ನಕ್ಷೆಯಲ್ಲಿ 75 ಮಿ.ಮೀ. ಸಂದು ಅಂತ ಬರೆದಿತ್ತು. ತಾರಸಿ ಮೇಲೆ ನಿಂತು ಟೇಪ್ ಹಿಡಿದರೆ ಸರಿಯಾಗಿ 75 ಇತ್ತು. ಒಳಗೆ ಬೆಳಕು ಬಿಟ್ಟ ಮೇಲೆ ಕಥೆಯೇ ಬೇರೆ. ಕಾಂಕ್ರೀಟ್ ಹಾಕುವಾಗ ಸೋರಿದ ಸಿಮೆಂಟ್ ಹಾಲು ಗೋಡೆಗುಂಟ ಇಳಿದು ಗಡ್ಡೆ ಕಟ್ಟಿತ್ತು. ಇಟ್ಟಿಗೆ ಚೂರುಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದವು. ಎರಡನೇ ಮಹಡಿ ಮಟ್ಟದಲ್ಲಿ ಒಂದು ಸೆಂಟ್ರಿಂಗ್ ಹಲಗೆ, ಮೊಳೆ ಸಮೇತ, ಎರಡೂ ಗೋಡೆಗಳ ನಡುವೆ ಬಿಗಿಯಾಗಿ ಕೂತಿತ್ತು. ಹಾಕಿದವರು ತೆಗೆಯೋದನ್ನು ಮರೆತಿದ್ದರು, ಅಷ್ಟೇ. ಕಾಗದದ ಮೇಲೆ 75 ಇದ್ದ ಸಂದು ಆ ಜಾಗದಲ್ಲಿ ಸೊನ್ನೆ.

ಈ ವಿಷಯದಲ್ಲಿ ಸಲಹೆ ಕೇಳೋರೆಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟು ಮಿ.ಮೀ. ಬಿಡಬೇಕು?" ಅದು ತಪ್ಪು ಪ್ರಶ್ನೆ ಅಲ್ಲ. ಆದರೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ಬಡಿದರೆ ಯಾವುದು ಯಾವುದಕ್ಕೆ ಬಡಿಯುತ್ತದೆ ಅನ್ನೋದು. ನಿಮ್ಮ ಸ್ಲ್ಯಾಬ್‌ನ ಎದುರಿಗೆ ಅವರ ಸ್ಲ್ಯಾಬ್ ಇದೆಯೋ, ಅವರ ಪಿಲ್ಲರ್ ಇದೆಯೋ? ಈ ಉತ್ತರ ಗೊತ್ತಾದರೆ ಮುಂದಿನ ಆಯ್ಕೆಗಳಲ್ಲಿ ಅರ್ಧ ತಾವಾಗಿಯೇ ಬಿದ್ದುಹೋಗುತ್ತವೆ.

ಅಕ್ಕಪಕ್ಕದವು ಯಾಕೆ ಬಡಿದುಕೊಳ್ಳುತ್ತವೆ

ಪ್ರತಿ ಕಟ್ಟಡಕ್ಕೂ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ಕೈಲೆಕ್ಕಕ್ಕೆ ಮಹಡಿಗೆ ಸುಮಾರು 0.1 ಸೆಕೆಂಡ್ ಅಂತ ಇಟ್ಟುಕೊಳ್ಳುತ್ತಾರೆ. ಮೂರು ಮಹಡಿಯದ್ದು ಒಂದು ಸಲ ಹೋಗಿ ಬರಲು 0.3 ಸೆಕೆಂಡ್, ಹತ್ತು ಮಹಡಿಯದ್ದು ಸುಮಾರು 1 ಸೆಕೆಂಡ್. ಎರಡೂ ಅಕ್ಕಪಕ್ಕ ನಿಂತರೆ, ದೊಡ್ಡದು ಒಂದು ಸಲ ತೂಗುವಷ್ಟರಲ್ಲಿ ಚಿಕ್ಕದು ಮೂರು ಸಲ ಹೋಗಿ ಬಂದಿರುತ್ತದೆ. ಇಬ್ಬರೂ ಒಂದೇ ಕಡೆ ವಾಲಿದರೆ ತೊಂದರೆ ಇಲ್ಲ. ಒಂದು ಬಲಕ್ಕೆ ಬರುವಾಗ ಇನ್ನೊಂದು ಎಡಕ್ಕೆ ಬಂದರೆ, ನಡುವಿನ ಜಾಗ ಸಾಲದಿದ್ದರೆ, ಢಿಕ್ಕಿ. ಅದೂ ಒಂದು ಸಲಕ್ಕೆ ಮುಗಿಯೋದಿಲ್ಲ. ಅಲುಗಾಟ ನಿಲ್ಲುವವರೆಗೆ ಮತ್ತೆ ಮತ್ತೆ.

ಇದನ್ನು ಎಲ್ಲರೂ ಗಂಭೀರವಾಗಿ ತಗೊಂಡಿದ್ದು 1985ರ ಸೆಪ್ಟೆಂಬರ್ 19ರ ಮೆಕ್ಸಿಕೊ ಭೂಕಂಪದ ನಂತರ. ಭೂಕಂಪದ ಕೇಂದ್ರ ದೂರದ ಪೆಸಿಫಿಕ್ ಕರಾವಳಿಯಲ್ಲಿತ್ತು, ಮೆಕ್ಸಿಕೊ ಸಿಟಿಗೆ 300 ಕಿ.ಮೀ.ಗೂ ಜಾಸ್ತಿ ದೂರ. ಆದರೆ ನಗರದ ಒಂದು ಭಾಗ ಹಳೆಯ ಕೆರೆಯ ಮೆತ್ತನೆ ಮಣ್ಣಿನ ಮೇಲೆ ಕೂತಿದೆ. ಆ ಮಣ್ಣು ಸುಮಾರು 2 ಸೆಕೆಂಡಿನ ಲಯದಲ್ಲಿ ತೂಗಿತು. ಮಧ್ಯಮ ಎತ್ತರದ ಕಟ್ಟಡಗಳು ಅದರ ತಾಳಕ್ಕೆ ಸಿಕ್ಕಿದವು. ರೋಸೆನ್‌ಬ್ಲೂತ್ ಮತ್ತು ಮೆಲಿ ಅನ್ನೋ ಇಂಜಿನಿಯರ್‌ಗಳು ಮಾಡಿದ ಸಮೀಕ್ಷೆಯಲ್ಲಿ, ಕುಸಿದ ಅಥವಾ ತೀವ್ರವಾಗಿ ಹಾಳಾದ 330 ಕಟ್ಟಡಗಳಲ್ಲಿ ಶೇ. 40ಕ್ಕೂ ಹೆಚ್ಚಿನವುಗಳಲ್ಲಿ ಪಕ್ಕದ ಕಟ್ಟಡಕ್ಕೆ ಬಡಿದ ಗುರುತು ಸಿಕ್ಕಿತ್ತು. ಈ ಅಂಕಿಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಗುರುತು ಇದ್ದ ಮಾತ್ರಕ್ಕೆ ಬಡಿತದಿಂದಲೇ ಬಿತ್ತು ಅಂತ ಅಲ್ಲ. ಗ್ರೀಸ್‌ನ ಇಂಜಿನಿಯರ್ ಅನಾಗ್ನೋಸ್ಟೊಪೌಲೋಸ್ 1996ರಲ್ಲಿ ಈ ಲೆಕ್ಕವನ್ನು ಮತ್ತೆ ಕೆದಕಿ, ಬಡಿತದಿಂದಲೇ ಕುಸಿದವು ಜನ ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಅಂದರು. ನನಗೂ ಹಾಗೇ ಅನ್ನಿಸುತ್ತದೆ. ಬಹುಪಾಲು ಬಡಿತಗಳು ಪ್ಲಾಸ್ಟರ್ ಉದುರಿಸಿ, ಇಟ್ಟಿಗೆ ಗೋಡೆ ಬಿರುಕು ಬಿಡಿಸಿ ಮುಗಿಯುತ್ತವೆ. ಕೆಲವು ಮಾತ್ರ ಕಟ್ಟಡವನ್ನೇ ಕೆಡವುತ್ತವೆ. ಆ ಕೆಲವು ಯಾವುವು ಅಂತ ಗುರುತಿಸೋದರಲ್ಲೇ ಜಾಣತನ ಇದೆ.

1989ರ ಲೋಮಾ ಪ್ರಿಯೆಟಾ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಕಸಾಯಿ ಮತ್ತು ಮೈಸನ್ ಅನ್ನೋ ಇಂಜಿನಿಯರ್‌ಗಳು 200ಕ್ಕೂ ಹೆಚ್ಚು ಬಡಿತದ ಪ್ರಕರಣಗಳನ್ನು ದಾಖಲಿಸಿದರು. ಸೇರಿದ್ದು 500ಕ್ಕೂ ಹೆಚ್ಚು ಕಟ್ಟಡ. ಕೆಲವು ಜಾಗ ಕೇಂದ್ರದಿಂದ 90 ಕಿ.ಮೀ.ಗಿಂತ ದೂರ. ಅಂದರೆ ನೆಲ ಜೋರಾಗಿ ಅಲ್ಲಾಡದ ಕಡೆಯೂ ಬಡಿತ ಆಗುತ್ತದೆ.

ಮೊದಲು ನೋಡಬೇಕಾದ್ದು: ಎದುರಿಗೆ ಏನಿದೆ?

ಸ್ಲ್ಯಾಬಿಗೆ ಸ್ಲ್ಯಾಬ್ ಬಡಿದರೆ ಅದು ತಲೆಗೆ ತಲೆ ಗುದ್ದಿದ ಹಾಗೆ. ನೋವಾಗುತ್ತದೆ, ಅಂಚು ಚೂರಾಗುತ್ತದೆ. ಆದರೆ ಸ್ಲ್ಯಾಬ್ ತನ್ನ ಉದ್ದಗಲದ ತುಂಬ ಗಟ್ಟಿ. ಬಂದ ಏಟನ್ನು ಎಲ್ಲ ಪಿಲ್ಲರ್‌ಗಳಿಗೂ ಹಂಚುತ್ತದೆ.

ಸ್ಲ್ಯಾಬ್ ಬಂದು ಪಿಲ್ಲರ್‌ನ ನಡುವಿಗೆ ಬಡಿದರೆ ಹಾಗಲ್ಲ. ಒಂದು ಮಹಡಿಯ ಇಡೀ ತೂಕ ಒಂದು ಕಂಬದ ಹೊಟ್ಟೆಗೆ ಗುದ್ದುತ್ತದೆ. ಪಿಲ್ಲರ್ ಮಾಡಿರೋದು ಮೇಲಿನ ಭಾರ ಹೊರಲು, ಜೊತೆಗೆ ಎರಡು ತುದಿಯಲ್ಲಿ ಬಗ್ಗಲು. ನಡುವೆ ಅಡ್ಡ ಏಟು ತಿನ್ನಲು ಅಲ್ಲ. ಒಂದು ಪಿಲ್ಲರ್ ಕತ್ತರಿಸಿಕೊಂಡರೆ ಅದು ಹೊತ್ತಿದ್ದೆಲ್ಲ ಕೆಳಗೆ. ನಿಜವಾಗಿ ಹೆದರಬೇಕಾದ್ದು ಇದಕ್ಕೆ. ನಿಮ್ಮ ಮಹಡಿ ಎತ್ತರ 3 ಮೀಟರ್, ಪಕ್ಕದ್ದು 3.6 ಮೀಟರ್ ಅಂತಿಟ್ಟುಕೊಳ್ಳಿ. ಮೊದಲ ಸ್ಲ್ಯಾಬ್‌ನಲ್ಲಿ 0.6 ಮೀಟರ್ ವ್ಯತ್ಯಾಸ. ಎರಡನೆಯದರಲ್ಲಿ 1.2. ಮೂರನೆಯದರಲ್ಲಿ 1.8. ಅಂದರೆ ಮೂರನೇ ಮಹಡಿಯ ಹೊತ್ತಿಗೆ ನಿಮ್ಮ ಸ್ಲ್ಯಾಬ್ ಅವರ ಪಿಲ್ಲರ್‌ನ ಸರಿ ನಡುವಿಗೆ ಬಂದು ನಿಂತಿದೆ. ಇದನ್ನು ಪತ್ತೆ ಮಾಡಲು ಕಂಪ್ಯೂಟರ್ ಬೇಕಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಎರಡೂ ಕಟ್ಟಡಗಳ ಕಿಟಕಿ ಸಾಲು ನೋಡಿ. ಸಾಲು ಒಂದೇ ಗೆರೆಯಲ್ಲಿದ್ದರೆ ಒಂದು ಚಿಂತೆ ಕಡಿಮೆ.

ಇನ್ನೂ ಕೆಲವು ಕೆಟ್ಟ ಜೋಡಿಗಳಿವೆ. ಭಾರದ ಕಟ್ಟಡದ ಪಕ್ಕ ಹಗುರದ್ದು ಇದ್ದರೆ, ಏಟು ತಿನ್ನೋದು ಹಗುರದ್ದೇ. ಎತ್ತರದ್ದರ ಪಕ್ಕ ಗಿಡ್ಡದ್ದು ಇದ್ದರೆ, ಗಿಡ್ಡದರ ತಾರಸಿ ಮಟ್ಟದಲ್ಲಿ ಎತ್ತರದ್ದಕ್ಕೆ ತಡೆ ಸಿಗುತ್ತದೆ. ಕೆಳಗಿನ ಭಾಗ ನಿಂತುಬಿಟ್ಟಿತು, ಮೇಲಿನ ಭಾಗ ಇನ್ನೂ ಹೋಗುತ್ತಲೇ ಇದೆ. ಆಗ ತಾರಸಿಗೆ ಸ್ವಲ್ಪ ಮೇಲಿನ ಮಹಡಿಯಲ್ಲಿ ಕೊರಳು ಮುರಿದಂತೆ ಆಗುತ್ತದೆ. ಸಾಲು ಕಟ್ಟಡಗಳಾದರೆ ತುದಿಯದ್ದಕ್ಕೆ ಅಪಾಯ. ಕೇರಂ ಬೋರ್ಡಿನ ಮೇಲೆ ಪಾನ್‌ಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಒಂದು ತುದಿಗೆ ಸ್ಟ್ರೈಕರ್ ಹೊಡೆಯಿರಿ. ನಡುವಿನವು ಅಷ್ಟಾಗಿ ಕದಲೋದಿಲ್ಲ, ಇನ್ನೊಂದು ತುದಿಯದ್ದು ಹಾರಿಹೋಗುತ್ತದೆ. ಮೆಕ್ಸಿಕೊದಲ್ಲಿ ಹಾಳಾದವುಗಳಲ್ಲಿ ಮೂಲೆ ಕಟ್ಟಡಗಳೇ ಎದ್ದು ಕಂಡವು. ಮೂಲೆ ಕಟ್ಟಡಕ್ಕೆ ತಿರುಚುವ ಕಾಟವೂ ಜೊತೆಗೆ ಇರುತ್ತದೆ ಅನ್ನೋದು ಬೇರೆ ಮಾತು. ಇನ್ನು ಕಬ್ಬಿಣ ಇಲ್ಲದ ಬರೀ ಇಟ್ಟಿಗೆ ಕಟ್ಟಡ. 2011ರ ಫೆಬ್ರವರಿಯ ಭೂಕಂಪದಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಹಳೆಯ ಇಟ್ಟಿಗೆ ಕಟ್ಟಡಗಳ ಬೀದಿಗಳು ಹೇಗೆ ಕುಸಿದವು ಅಂತ ಫೋಟೊ ನೋಡಿದವರಿಗೆ ಗೊತ್ತು.

ಹೊಸದಾಗಿ ಕಟ್ಟುತ್ತಿದ್ದರೆ: ಸಂದು

ನೆಲ ಇನ್ನೂ ಖಾಲಿ ಇದ್ದರೆ ಬೇರೆ ಏನನ್ನೂ ಯೋಚಿಸಬೇಡಿ. ಸಂದು ಬಿಡಿ. ಸುಮ್ನೆ ಗಾಳಿ, ಅದಕ್ಕಿಂತ ಅಗ್ಗದ ಔಷಧಿ ಇನ್ನೊಂದಿಲ್ಲ. ತುಕ್ಕು ಹಿಡಿಯಲ್ಲ, ಸರ್ವಿಸ್ ಬೇಕಿಲ್ಲ.

ಎಷ್ಟು ಅನ್ನೋದಕ್ಕೆ ಲೆಕ್ಕದ ದಾರಿಗಳು ಬೇರೆ ಬೇರೆ. ಒಂದು ಉದಾಹರಣೆ ಹಿಡಿಯೋಣ. ಗಿಡ್ಡ ಕಟ್ಟಡದ ತಾರಸಿ ಮಟ್ಟದಲ್ಲಿ ಒಂದು ಕಟ್ಟಡ ಹೆಚ್ಚೆಂದರೆ 60 ಮಿ.ಮೀ. ವಾಲುತ್ತದೆ, ಇನ್ನೊಂದು 80. ಇಲ್ಲಿ ಮಟ್ಟ ಮುಖ್ಯ. ಎತ್ತರದ ಕಟ್ಟಡ ಅದರ ತುದಿಯಲ್ಲಿ ಎಷ್ಟು ವಾಲಿದರೂ ಅಲ್ಲಿ ಬಡಿಯಲು ಯಾರೂ ಇಲ್ಲ. ಎರಡೂ ಇರುವ ಎತ್ತರದವರೆಗೆ ಮಾತ್ರ ಲೆಕ್ಕ.

ಸುಲಭದ ದಾರಿ ಅಂದರೆ ನೇರವಾಗಿ ಕೂಡೋದು: 60ಕ್ಕೆ 80 ಸೇರಿಸಿ 140. ಇಬ್ಬರೂ ಒಂದೇ ಕ್ಷಣದಲ್ಲಿ ಪೂರ್ತಿ ಒಬ್ಬರ ಕಡೆ ಒಬ್ಬರು ವಾಲುತ್ತಾರೆ ಅನ್ನೋ ಊಹೆ ಇದು. ಹಾಗಾಗೋದು ಅಪರೂಪ. ಅದಕ್ಕೇ ಇನ್ನೊಂದು ದಾರಿ ಇದೆ. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯೋದು. 3600ಕ್ಕೆ 6400 ಸೇರಿದರೆ 10000, ಅದರ ಮೂಲ 100. ಅಮೆರಿಕದ ಕಟ್ಟಡ ನಿಯಮಾವಳಿ ಎಎಸ್‌ಸಿಇ 7 ಹೀಗೇ ಹೇಳುತ್ತದೆ. ಯುರೋಪಿನ ಭೂಕಂಪ ನಿಯಮಾವಳಿ ಯೂರೋಕೋಡ್ 8 ಕೂಡ ಒಂದೇ ಮಾಲೀಕರ ಕಟ್ಟಡಗಳಿಗೆ ಇದನ್ನೇ ಒಪ್ಪುತ್ತದೆ. ಮಹಡಿ ಮಟ್ಟಗಳು ಒಂದೇ ಆಗಿದ್ದರೆ ಅದನ್ನು 0.7ರಿಂದ ಗುಣಿಸಿ ಇನ್ನೂ ಕಡಿಮೆ ಮಾಡಬಹುದು ಅನ್ನುತ್ತದೆ. ಆಗ 70 ಸಾಕು.

ಭಾರತದ ಭೂಕಂಪ ನಿಯಮಾವಳಿ ಐಎಸ್ 1893, ಅದರ 2002ರ ಆವೃತ್ತಿ, ನೇರವಾಗಿ ಕೂಡುವ ದಾರಿ ಹಿಡಿದಿತ್ತು. ಅಲ್ಲಿ ಒಂದು ಎಡವಟ್ಟಿನ ಜಾಗ ಇದೆ. ಸಾಫ್ಟ್‌ವೇರ್ ಕೊಡುವ ವಾಲುವಿಕೆ ಕಡಿಮೆ ಮಾಡಿದ ಬಲದ್ದು. ನಿಜವಾದ ಭೂಕಂಪದಲ್ಲಿ ಕಟ್ಟಡ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ವಾಲುತ್ತದೆ. ಹಾಗಾಗಿ ಆ ಅಂಕಿಯನ್ನು, ಬಲವನ್ನು ಎಷ್ಟು ಪಟ್ಟು ಇಳಿಸಿದ್ದಾರೆ ಅಂತ ಹೇಳುವ 'ಆರ್' ಅನ್ನೋ ಗುಣಾಂಕದಿಂದ ಗುಣಿಸಬೇಕು. ಒಳ್ಳೆಯ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಫ್ರೇಮಿಗೆ, ಅಂದರೆ ಪಿಲ್ಲರ್-ಬೀಮ್ ಚೌಕಟ್ಟಿಗೆ, ಆರ್ 5. ಕಂಪ್ಯೂಟರ್ 12 ಮತ್ತು 16 ಮಿ.ಮೀ. ಅಂತ ತೋರಿಸಿದರೆ ನಿಜಕ್ಕೆ ಅದು 60 ಮತ್ತು 80. ಈ ಗುಣಿಸುವ ಕೆಲಸ ಮರೆತು '12ಕ್ಕೆ 16 ಸೇರಿ 28, ನಾವು 50 ಬಿಟ್ಟಿದ್ದೇವೆ, ಧಾರಾಳ ಆಯ್ತು' ಅಂತ ಬರೆದ ಲೆಕ್ಕದ ಹಾಳೆ ನಾನೇ ನೋಡಿದ್ದೇನೆ. ಬೇಕಿದ್ದದ್ದು 140. ಮಹಡಿಗಳು ಒಂದೇ ಮಟ್ಟದಲ್ಲಿದ್ದರೆ ಆರ್ ಬದಲು ಅದರ ಅರ್ಧ ತಗೊಳ್ಳಬಹುದು ಅಂತ ಅದೇ ನಿಯಮ ಹೇಳಿತ್ತು. ಆಗ 70. ಎರಡು ಬೇರೆ ದಾರಿ ಹಿಡಿದು ಒಂದೇ ಅಂಕಿಗೆ ಬಂದದ್ದು ಈ ಉದಾಹರಣೆಯ ಕಾಕತಾಳೀಯ. ಆದರೆ ಎರಡೂ ನಿಯಮಗಳು ಒಂದು ವಿಷಯದಲ್ಲಿ ಒಪ್ಪುತ್ತವೆ ನೋಡಿ: ಮಟ್ಟ ಹೊಂದಿದರೆ ರಿಯಾಯಿತಿ.

ಲೆಕ್ಕ ಮಾಡುವ ಮೊದಲು ಒಂದು ಅಂದಾಜು ಬೇಕಿದ್ದರೆ, ಭಾರತದ್ದೇ ಇನ್ನೊಂದು ನಿಯಮಾವಳಿ, 1993ರ ಐಎಸ್ 4326ರಲ್ಲಿ ಒಂದು ಪುಟ್ಟ ಕೋಷ್ಟಕ ಇದೆ. ಗೋಡೆಗಳೇ ಹೊರುವ ಕಟ್ಟಡ ಅಥವಾ ಶಿಯರ್ ವಾಲ್ (ಅಡ್ಡ ಬಲ ತಡೆಯುವ ಕಾಂಕ್ರೀಟ್ ಗೋಡೆ) ಇರುವ ಫ್ರೇಮ್ ಆದರೆ ಮಹಡಿಗೆ 15 ಮಿ.ಮೀ., ಕಾಂಕ್ರೀಟ್ ಫ್ರೇಮ್ ಆದರೆ 20, ಉಕ್ಕಿನ ಫ್ರೇಮ್ ಆದರೆ 30. ಏನೇ ಆದರೂ ಒಟ್ಟು 25ಕ್ಕಿಂತ ಕಡಿಮೆ ಬೇಡ. ಇದು ಒಂದು ನಿರ್ದಿಷ್ಟ ಭೂಕಂಪ ಬಲಕ್ಕೆ ಕೊಟ್ಟ ಅಂಕಿ, ಬೇರೆ ಬಲಕ್ಕೆ ಅದೇ ಪ್ರಮಾಣದಲ್ಲಿ ಏರಿಸಬೇಕು, ಇಳಿಸಬೇಕು. ಏಳು ಮಹಡಿಯ ಕಾಂಕ್ರೀಟ್ ಫ್ರೇಮಿಗೆ 140 ಬಂತು. ಪ್ಲಾನಿಂಗ್ ಮಟ್ಟದಲ್ಲಿ ಸೈಟಿನೊಳಗೆ ಎಷ್ಟು ಜಾಗ ಬಿಡಬೇಕು ಅಂತ ಮಾತಾಡಲು ಇದು ಸಾಕು. ಅಂತಿಮ ನಕ್ಷೆಗೆ ಸಾಲದು. ನಿಯಮಾವಳಿಗಳು ಬದಲಾಗುತ್ತಲೇ ಇರುತ್ತವೆ, ಜಾರಿಯಲ್ಲಿರುವುದನ್ನೇ ತೆಗೆದು ನೋಡಿ.

ಪಕ್ಕದ ಜಾಗ ಬೇರೆಯವರದ್ದಾದರೆ? ಯೂರೋಕೋಡ್ ಮತ್ತು ಎಎಸ್‌ಸಿಇ ಎರಡರ ಮಾತೂ ಒಂದೇ. ನೀವು ಎಷ್ಟು ವಾಲುತ್ತೀರೋ ಅಷ್ಟು ನಿಮ್ಮ ಗಡಿಯಿಂದ ಹಿಂದೆ ಸರಿಯಿರಿ. ಅವರೂ ಹಾಗೇ ಮಾಡಿದರೆ ಇಬ್ಬರೂ ಕ್ಷೇಮ. ಆದರೆ ಅವರ ಹಳೆಯ ಕಟ್ಟಡ ಆಗಲೇ ಗಡಿ ಗೆರೆಯ ಮೇಲೆ ನಿಂತಿದ್ದರೆ, ಅವರ ಪಾಲಿನ ಸಂದನ್ನೂ ನೀವೇ ಬಿಡಬೇಕಾಗುತ್ತದೆ. ನ್ಯಾಯ ಅಲ್ಲ, ನಿಜ. ಭೂಕಂಪಕ್ಕೆ ನ್ಯಾಯದ ಗೊಡವೆ ಇಲ್ಲ.

ಒಂದು ಎಚ್ಚರಿಕೆ. ಉದ್ದದ ಕಟ್ಟಡಕ್ಕೆ ಬಿಸಿಲಿನ ಹಿಗ್ಗುವಿಕೆಗೆ ಅಂತ 25 ಮಿ.ಮೀ. ಎಕ್ಸ್‌ಪಾನ್ಶನ್ ಜಾಯಿಂಟ್ ಕೊಡುತ್ತಾರಲ್ಲ, ಅದು ಭೂಕಂಪದ ಸಂದು ಅಲ್ಲ. ಅದು ಇದ್ದರೆ ಇಲ್ಲದ್ದಕ್ಕಿಂತ ಕೆಟ್ಟದ್ದೂ ಆಗಬಹುದು. ಒಂದಾಗಿ ತೂಗುತ್ತಿದ್ದ ಕಟ್ಟಡವನ್ನು ಎರಡು ಮಾಡಿ, ಪರಸ್ಪರ ಹೊಡೆದಾಡಲು ಬಿಟ್ಟ ಹಾಗೆ. ಎಲ್ ಆಕಾರದ, ಯು ಆಕಾರದ ಕಟ್ಟಡಗಳಲ್ಲಿ ರೆಕ್ಕೆಗಳ ನಡುವೆ ಇದು ಸಾಮಾನ್ಯ. 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಆಲಿವ್ ವ್ಯೂ ಆಸ್ಪತ್ರೆಯ ಮುಖ್ಯ ಕಟ್ಟಡ ತನ್ನದೇ ಮೆಟ್ಟಿಲ ಗೋಪುರಕ್ಕೆ ಬಡಿದಿತ್ತು. ಮಾಲೀಕ ಒಬ್ಬನೇ ಆದರೂ ಕಟ್ಟಡಗಳು ಎರಡು ಅಂತಲೇ ಲೆಕ್ಕ ಹಾಕಬೇಕು.

ಸಂದಿನ ಮೇಲೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಮಳೆ ನೀರು, ಇಲಿ, ಕಸ. ಆ ಮುಚ್ಚಳ ಒಂದು ಬದಿಗೆ ಮಾತ್ರ ಬಿಗಿದಿರಲಿ, ಇನ್ನೊಂದು ಬದಿ ಜಾರುವಂತಿರಲಿ. ಎರಡೂ ಕಡೆ ಬೋಲ್ಟ್ ಹಾಕಿ ಮೇಲೆ ಟೈಲ್ಸ್ ಕೂರಿಸುವ ಮೇಸ್ತ್ರಿಗಳಿದ್ದಾರೆ. ನೋಡಲು ಚೆನ್ನ, ಆದರೆ ಸಂದು ಸತ್ತಂತೆ.

ಆಗಲೇ ನಿಂತ ಕಟ್ಟಡಕ್ಕೆ: ಗಟ್ಟಿ ಮಾಡೋದು

ನಿಂತ ಕಟ್ಟಡದಲ್ಲಿ ಸಂದನ್ನು ಹಿಗ್ಗಿಸಲು ಆಗೋದಿಲ್ಲ. ಆದರೆ ವಾಲುವಿಕೆಯನ್ನು ಕುಗ್ಗಿಸಬಹುದು. ಶಿಯರ್ ವಾಲ್ ಸೇರಿಸೋದು, ಉಕ್ಕಿನ ಬ್ರೇಸಿಂಗ್ (ಓರೆ ಪಟ್ಟಿಗಳು) ಹಾಕೋದು, ಪಿಲ್ಲರ್‌ಗಳಿಗೆ ಜಾಕೆಟಿಂಗ್ ಮಾಡೋದು, ಅಂದರೆ ಸುತ್ತ ಹೊಸ ಕವಚ ತೊಡಿಸೋದು. ಈ ದಾರಿಯ ದೊಡ್ಡ ಗುಣ ಅಂದರೆ ಪಕ್ಕದವರ ಒಪ್ಪಿಗೆ ಬೇಕಿಲ್ಲ, ಎಲ್ಲ ನಿಮ್ಮ ಗೋಡೆಯೊಳಗೇ ಮುಗಿಯುತ್ತದೆ. ಇನ್ನೊಂದು ಲಾಭ, ಬಡಿತದ ಚಿಂತೆ ಇಲ್ಲದಿದ್ದರೂ ಈ ಖರ್ಚು ದಂಡ ಆಗೋದಿಲ್ಲ. ಭೂಕಂಪಕ್ಕೆ ಕಟ್ಟಡ ಹೇಗೂ ಗಟ್ಟಿಯಾಯಿತು. ನನ್ನ ಮನಸ್ಸು ಹೆಚ್ಚು ಸಲ ವಾಲೋದು ಇದರ ಕಡೆಗೇ.

ತೊಡಕುಗಳೂ ಇವೆ. ಬಿಗಿಯಾದ ಕಟ್ಟಡ ಬೇಗ ಬೇಗ ತೂಗುತ್ತದೆ. ಗಟ್ಟಿ ನೆಲದ ಮೇಲೆ ಅಂಥದ್ದಕ್ಕೆ ಸಾಮಾನ್ಯವಾಗಿ ಬಲ ಜಾಸ್ತಿ ಬರುತ್ತದೆ. ಆ ಬಲ ಹೊಸ ಗೋಡೆಯಿಂದ ಇಳಿದು ಅಡಿಪಾಯಕ್ಕೆ ಹೋಗುತ್ತದೆ. ಹಳೆಯ ಅಡಿಪಾಯ ಅದನ್ನು ಹೊರುತ್ತದೆಯೇ? ಬಹಳ ಸಲ ಗೋಡೆಗಿಂತ ಅದರ ಕೆಳಗಿನ ಕೆಲಸಕ್ಕೇ ಜಾಸ್ತಿ ದುಡ್ಡು ಹೋಗುತ್ತದೆ. ಗೋಡೆಯನ್ನು ಒಂದೇ ಬದಿಗೆ ಹಾಕಿದರೆ ಕಟ್ಟಡ ತಿರುಚಿಕೊಂಡು, ಮೂಲೆ ಇನ್ನೂ ಜಾಸ್ತಿ ಹೊರಳಿ ಪಕ್ಕದ್ದಕ್ಕೆ ತಗಲುತ್ತದೆ. ಇನ್ನೊಂದು ಮಾತು, ನೀವು ಗಟ್ಟಿಯಾದ ಮಾತ್ರಕ್ಕೆ ಪಕ್ಕದವರು ವಾಲೋದು ಕಡಿಮೆ ಆಗೋದಿಲ್ಲ. ಅವರ 80 ಅವರ 80 ಆಗಿಯೇ ಇರುತ್ತದೆ. ನಡುವೆ 20 ಮಿ.ಮೀ. ಮಾತ್ರ ಇದ್ದರೆ ಅವರು ಬಂದು ಬಡಿಯೋದನ್ನು ನಿಮ್ಮ ಶಿಯರ್ ವಾಲ್ ತಡೆಯೋದಿಲ್ಲ. ಆದರೆ ಬಡಿದಾಗ ತಡೆದುಕೊಳ್ಳುವ ತಾಕತ್ತು ಕೊಡುತ್ತದೆ.

ಕೈ ಕೈ ಹಿಡಿಸೋದು

ಬಡಿದಾಡುವ ಇಬ್ಬರನ್ನು ಕಟ್ಟಿ ಹಾಕಿದರೆ ಬಡಿದಾಟವೇ ಇಲ್ಲ ಅಲ್ವಾ? ಮಾತು ಸರಿ. ಒಂದು ಕಟ್ಟಡದ ಸ್ಲ್ಯಾಬನ್ನು ಇನ್ನೊಂದರ ಸ್ಲ್ಯಾಬಿಗೆ ಗಟ್ಟಿಯಾಗಿ ಜೋಡಿಸಿದರೆ ಎರಡೂ ಸೇರಿ ಒಂದೇ ಕಟ್ಟಡ. ಒಂದೇ ಮಾಲೀಕರ ಎರಡು ರೆಕ್ಕೆಗಳ ನಡುವೆ ಸಾಲದ ಸಂದು ಇದ್ದರೆ, ಸಂದನ್ನು ಮುಚ್ಚಿ ಒಂದು ಮಾಡಿಬಿಡೋದು ಎಷ್ಟೋ ಸಲ ಒಳ್ಳೆಯ ದಾರಿ. ಆದರೆ ಒಂದಾದ ಮೇಲೆ ಹೊಸ ಕಟ್ಟಡ ಅಂತಲೇ ಮೊದಲಿನಿಂದ ಲೆಕ್ಕ ಮಾಡಬೇಕು. ಬಿಗಿಯಾದ ರೆಕ್ಕೆ ಮೆತ್ತನೆಯದರ ಭಾರವನ್ನೂ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಎಲ್ ಆಕಾರದ ಕಟ್ಟಡ ತಿರುಚಿಕೊಳ್ಳುತ್ತದೆ. ಒಳಮೂಲೆಯ ಸ್ಲ್ಯಾಬಿಗೆ ಕಬ್ಬಿಣ ಸಾಲದೆ ಅಲ್ಲೇ ಹರಿಯಬಹುದು. ಬಿಸಿಲಿಗೆ ಹಿಗ್ಗುವ ಸಮಸ್ಯೆಯೂ ವಾಪಸ್ ಬಂತು.

ಎರಡನೇ ಬಗೆ, ನಡುವೆ ಡ್ಯಾಂಪರ್ ಹಾಕೋದು. ಗಾಡಿಯ ಶಾಕ್ ಅಬ್ಸಾರ್ಬರ್ ನೋಡಿದ್ದೀರಲ್ಲ, ಹೆಚ್ಚೂಕಡಿಮೆ ಅದೇ, ಗಾತ್ರ ದೊಡ್ಡದು. ಸಿಲಿಂಡರ್ ಒಳಗೆ ದ್ರವ, ಪಿಸ್ಟನ್ ಓಡಾಡಿದಾಗ ದ್ರವ ಸಣ್ಣ ರಂಧ್ರದಲ್ಲಿ ನುಗ್ಗಿ, ಅಲುಗಾಟದ ಶಕ್ತಿಯನ್ನು ಶಾಖವಾಗಿ ಬದಲಾಯಿಸಿ ಮುಗಿಸುತ್ತದೆ. ಚಂದದ ಉಪಾಯ. ಎರಡೂ ಕಟ್ಟಡಗಳ ತೂಗಾಟವೂ ಇಳಿಯುತ್ತದೆ. ಟೋಕಿಯೊದ ಹರುಮಿ ಟ್ರೈಟಾನ್ ಸ್ಕ್ವೇರ್‌ನ ಮೂರು ಎತ್ತರದ ಕಟ್ಟಡಗಳನ್ನು ಮೇಲ್ಗಡೆ ಇಂಥ ನಿಯಂತ್ರಣ ಸಾಧನಗಳಿಂದ ಒಂದಕ್ಕೊಂದು ಸೇರಿಸಿದ್ದಾರೆ.

ಆದರೆ ಡ್ಯಾಂಪರ್ ಕೆಲಸ ಮಾಡೋದು ಎರಡು ತುದಿಗಳ ನಡುವೆ ವ್ಯತ್ಯಾಸ ಇದ್ದಾಗ ಮಾತ್ರ. ಎರಡೂ ಕಟ್ಟಡ ಒಂದೇ ಲಯದವಾದರೆ ಜೊತೆಜೊತೆಗೇ ತೂಗುತ್ತವೆ, ಪಿಸ್ಟನ್ ಕದಲೋದೇ ಇಲ್ಲ. ಡ್ಯಾಂಪರ್ ಸುಮ್ನೆ ನೇತಾಡಿಕೊಂಡು ಇರುತ್ತದೆ. ಒಂದು ನಾಲ್ಕು ಮಹಡಿ, ಒಂದು ಒಂಬತ್ತು ಮಹಡಿ ಇದ್ದರೆ ಹಾಕಿದ ದುಡ್ಡು ಸಾರ್ಥಕ. ಎರಡೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದರೆ ಬೇಡ, ಅಲ್ಲಿ ಬಡಿತವೂ ಕಡಿಮೆ. ಜೋಡಣೆ ಸ್ಲ್ಯಾಬ್ ಮಟ್ಟದಲ್ಲೇ ಇರಬೇಕು. ಪಿಲ್ಲರ್ ನಡುವಿಗೆ ಡ್ಯಾಂಪರ್ ಕಟ್ಟಿದರೆ ತಪ್ಪಿಸಬೇಕಿದ್ದ ಏಟನ್ನೇ ನಾವು ತಂದು ಕೊಟ್ಟಂತೆ. ಕೊನೆಗೆ, ಮಾಲೀಕರು ಇಬ್ಬರಾದರೆ ಇಬ್ಬರ ಸಹಿ ಬೇಕು. ಇಪ್ಪತ್ತು ವರ್ಷ ಆದಮೇಲೆ ಒಬ್ಬರು ಕೆಡವಿ ಕಟ್ಟಲು ಹೊರಟರೆ ಆ ಡ್ಯಾಂಪರ್ ಯಾರದ್ದು? ಇಂಜಿನಿಯರ್‌ಗಿಂತ ಲಾಯರ್ ಜಾಸ್ತಿ ಓಡಾಡಬೇಕಾದ ಆಯ್ಕೆ ಇದು.

ಮೆತ್ತೆ ಇಡೋದು, ಗೋಡೆ ಒಡ್ಡೋದು

ಸಂದಿಗೆ ರಬ್ಬರ್ ಮೆತ್ತೆ ಇಡೋಣ ಅನ್ನೋದು ಎಲ್ಲರಿಗೂ ಹೊಳೆಯುವ ಉಪಾಯ. ಬಡಿತದ ಕ್ಷಣದ ತೀವ್ರ ಏಟು ಇಳಿಯುತ್ತದೆ, ಅದು ನಿಜ. ಒಳಗೆ ಸೂಕ್ಷ್ಮ ಯಂತ್ರಗಳಿದ್ದರೆ ಅದರಿಂದ ಉಪಕಾರ ಇದೆ. ಆದರೆ ಮೆತ್ತೆಗೂ ದಪ್ಪ ಇರುತ್ತದೆ. 40 ಮಿ.ಮೀ. ಸಂದಿನಲ್ಲಿ 30 ಮಿ.ಮೀ. ರಬ್ಬರ್ ಇಟ್ಟರೆ ಉಳಿದದ್ದು 10. ಮೊದಲು ತಾಗದೆ ಹೋಗುತ್ತಿದ್ದ ಸಣ್ಣ ಅಲುಗಾಟಕ್ಕೂ ಈಗ ತಾಗುತ್ತದೆ. ರಬ್ಬರ್ ಪೂರ್ತಿ ಅಮುಕಿದ ಮೇಲೆ ಕಲ್ಲಿನ ಹಾಗೇ. ಸಂದು ತಕ್ಕಮಟ್ಟಿಗೆ ಇದ್ದು, ಮಹಡಿ ಮಟ್ಟ ಹೊಂದಿದ್ದರೆ ಮಾತ್ರ ಇದನ್ನು ಯೋಚಿಸಿ. ಸಂದಿನಲ್ಲಿ ಥರ್ಮೋಕೋಲ್ ತುರುಕೋದನ್ನು ಇದರ ಜೊತೆ ಸೇರಿಸಬೇಡಿ. ಅದು ಕಾಂಕ್ರೀಟ್ ಹಾಕುವಾಗ ಅಡ್ಡಕ್ಕೆ ಇಟ್ಟದ್ದು, ರಕ್ಷಣೆಗೆ ಅಲ್ಲ.

ಮಟ್ಟ ಹೊಂದದ ಕಟ್ಟಡಗಳಿಗೆ ನನಗೆ ಹೆಚ್ಚು ಹಿಡಿಸೋದು ಇನ್ನೊಂದು, ಅಷ್ಟಾಗಿ ಯಾರೂ ಮಾತಾಡದ ದಾರಿ. ಪಕ್ಕದ ಕಟ್ಟಡದ ಕಡೆಗೆ ಅಡ್ಡಲಾಗಿ, ಅಂದರೆ ಅದರತ್ತ ಮೂತಿ ಮಾಡಿ ನಿಲ್ಲುವಂತೆ, ಅಂಚಿನಲ್ಲಿ ಕನಿಷ್ಠ ಎರಡು ಕಾಂಕ್ರೀಟ್ ಗೋಡೆಗಳನ್ನು ಅಡಿಪಾಯದಿಂದ ಮೇಲಿನವರೆಗೆ ಕಟ್ಟೋದು. ಪಕ್ಕದ ಸ್ಲ್ಯಾಬ್ ಬಂದರೆ ಪಿಲ್ಲರ್‌ನ ಹೊಟ್ಟೆಗೆ ಬಡಿಯುವ ಬದಲು ಈ ಗೋಡೆಯ ಮೂತಿಗೆ ಬಡಿಯುತ್ತದೆ. ಗೋಡೆ ತನ್ನ ಉದ್ದದ ದಿಕ್ಕಿನಲ್ಲಿ ಏಟು ತಗೊಳ್ಳೋದರಿಂದ ಗಟ್ಟಿಯಾಗಿ ನಿಲ್ಲುತ್ತದೆ. ಮೂತಿ ಸ್ವಲ್ಪ ಜಜ್ಜಿಹೋಗಬಹುದು, ಹೋಗಲಿ. ಬಡಿತ ನಿಲ್ಲಲಿಲ್ಲ, ಆದರೆ ಪಿಲ್ಲರ್ ಉಳಿಯಿತು. ಜೊತೆಗೆ ಇವು ಶಿಯರ್ ವಾಲ್ ಕೆಲಸವನ್ನೂ ಮಾಡಿ ವಾಲುವಿಕೆ ಇಳಿಸುತ್ತವೆ. ಸಂದು ಒಂದು ಬೆರಳಗಲ ಇರುವ ಕಡೆ ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಅಷ್ಟು ಮಾಡಲೂ ಜಾಗ, ಹಣ ಇಲ್ಲದಿದ್ದರೆ ಇನ್ನೊಂದು ಮೆಟ್ಟಿಲು ಕೆಳಗೆ ಇಳಿಯಿರಿ. ಏಟು ತಿನ್ನಬಹುದಾದ ಪಿಲ್ಲರ್‌ಗಳ ಹಿಂದೆ, ಸ್ವಲ್ಪ ಒಳಗೆ, ಉಕ್ಕಿನ ಕಂಬಗಳನ್ನು ನಿಲ್ಲಿಸಿ. ಅಂಚಿನ ಪಿಲ್ಲರ್ ಹೋದರೂ ಬೀಮ್ ಆ ಕಂಬದ ಮೇಲೆ ಕೂರುತ್ತದೆ. ಕಟ್ಟಡ ಹಾಳಾಗುತ್ತದೆ, ಜನ ಹೊರಗೆ ಬರುತ್ತಾರೆ. ತಾರಸಿಯ ಅಂಚಿನಲ್ಲಿರುವ ಇಟ್ಟಿಗೆ ಪ್ಯಾರಪೆಟ್ ಕೂಡ ನೋಡಿ. ಸಣ್ಣ ಬಡಿತಕ್ಕೇ ಬೀಳುವ ಮೊದಲ ವಸ್ತು ಅದು, ಬೀಳೋದು ಕೆಳಗೆ ಓಡುತ್ತಿರುವವರ ಮೇಲೆ. ಅದನ್ನು ತೆಗೆದು ಹಗುರ ಕಂಬಿ ಹಾಕೋದು ಒಂದು ವಾರದ ಕೆಲಸ.

ಬೇಸ್ ಐಸೊಲೇಶನ್ ಎಂಬ ಆಕರ್ಷಣೆ

ಕಟ್ಟಡದ ಕೆಳಗೆ ರಬ್ಬರ್ ಬೇರಿಂಗ್ ಇಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಕೇಳಿರುತ್ತೀರಿ. ಭೂಕಂಪಕ್ಕೆ ಅದು ನಿಜವಾಗಿ ಒಳ್ಳೆಯದು. ಆದರೆ ಬಡಿತದ ಪ್ರಶ್ನೆಗೆ ಅದು ಉತ್ತರ ಅಲ್ಲ, ಪ್ರಶ್ನೆಯನ್ನು ಇನ್ನೂ ದೊಡ್ಡದು ಮಾಡುತ್ತದೆ. ಇಡೀ ಕಟ್ಟಡ ಬುಡದಿಂದಲೇ ಆಚೀಚೆ ಓಡಾಡುತ್ತದೆ, ಅದೂ ನೂರಾರು ಮಿ.ಮೀ. ಸುತ್ತಲೂ ಕಂದಕದ ಹಾಗೆ ಖಾಲಿ ಜಾಗ ಬೇಕು. ಇಕ್ಕಟ್ಟಿನ ಸಾಲಿನಲ್ಲಿ ಅದು ಎಲ್ಲಿಂದ ಬರಬೇಕು?

ಲಾಸ್ ಏಂಜಲೀಸ್‌ನ ಅಗ್ನಿಶಾಮಕ ಕಮಾಂಡ್ ಕೇಂದ್ರ ಇಂಥ ಬೇರಿಂಗ್‌ಗಳ ಮೇಲೆ ನಿಂತಿತ್ತು. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಒಂದು ದಿಕ್ಕಿನಲ್ಲಿ ಅದು ಅಂದುಕೊಂಡಷ್ಟು ಸರಾಗವಾಗಿ ಜಾರಲಿಲ್ಲ. ಪ್ರವೇಶದ ಹಾದಿಯ ಹತ್ತಿರ ಸಂದಿನ ಮೇಲೆ ಟೈಲ್ಸ್ ಹಾಕಿದ್ದ ಭಾಗ ಅಡ್ಡ ಬಂದು, ಅಲ್ಲಿ ತಾಗಿ ಒಳಗಿನ ಅಲುಗಾಟದ ದಾಖಲೆಯಲ್ಲಿ ಏಟಿನ ಮೊನೆಗಳು ಕಾಣಿಸಿದವು. ಅಷ್ಟೆಲ್ಲ ಬುದ್ಧಿ, ಅಷ್ಟೆಲ್ಲ ಖರ್ಚು, ಅಡ್ಡ ಬಂದದ್ದು ಟೈಲ್ಸ್ ಕೆಲಸ.

ಹಾಗಾದರೆ ನಿಮಗೆ ಯಾವುದು?

ಖಾಲಿ ಸೈಟಾದರೆ ಸಂದು, ಜೊತೆಗೆ ಆದರೆ ಮಹಡಿ ಮಟ್ಟವನ್ನು ಪಕ್ಕದವರದ್ದಕ್ಕೆ ಹೊಂದಿಸಿಕೊಳ್ಳಿ. ಒಂದೇ ಕಟ್ಟಡದ ರೆಕ್ಕೆಗಳ ನಡುವೆ ಇಕ್ಕಟ್ಟಿನ ಜಾಯಿಂಟ್ ಇದ್ದು ಎರಡೂ ಒಂದೇ ಎತ್ತರವಾದರೆ, ಗಟ್ಟಿಯಾಗಿ ಸೇರಿಸೋದನ್ನು ಲೆಕ್ಕ ಹಾಕಿಸಿ. ಎತ್ತರ ಬೇರೆ ಬೇರೆಯಾದರೆ ಡ್ಯಾಂಪರ್ ಅಥವಾ ಮೆತ್ತನೆಯ ರೆಕ್ಕೆಗೆ ಶಿಯರ್ ವಾಲ್. ಮಾಲೀಕರು ಬೇರೆ, ಮಟ್ಟ ಹೊಂದಿದೆ, ಸಂದು ಚಿಕ್ಕದು ಅಂದರೆ ನಿಮ್ಮದನ್ನು ಗಟ್ಟಿ ಮಾಡಿಕೊಂಡು, ಅಂಚಿನ ಪ್ಲಾಸ್ಟರ್ ಉದುರೋದನ್ನು ಒಪ್ಪಿಕೊಳ್ಳಿ. ಮಾಲೀಕರು ಬೇರೆ, ಮಟ್ಟವೂ ಬೇರೆ ಅಂದರೆ ಅಡ್ಡಗೋಡೆ, ಅದಾಗದಿದ್ದರೆ ಹಿಂದಿನ ಕಂಬಗಳು. ಇಲ್ಲಿ ತಡ ಮಾಡಬೇಡಿ. ಸಾಲಿನ ತುದಿಯ ಕಟ್ಟಡ ನಿಮ್ಮದಾಗಿದ್ದರೆ ನಡುವಿನವರಿಗಿಂತ ಮೊದಲು ಕೆಲಸಕ್ಕೆ ಇಳಿಯಬೇಕಾದವರು ನೀವು. ಬರೀ ಇಟ್ಟಿಗೆಯ ಹಳೆಯ ಕಟ್ಟಡವಾದರೆ ಬಡಿತದ ಮಾತು ಆಮೇಲೆ. ಮೊದಲು ಗೋಡೆಗಳನ್ನು ಸ್ಲ್ಯಾಬಿಗೆ, ಛಾವಣಿಗೆ ಬಿಗಿದು ಕಟ್ಟಿಸಿ.

ಯಾವುದನ್ನೇ ಆರಿಸಿದರೂ ಮೊದಲ ದಿನದ ಕೆಲಸ ಒಂದೇ. ತಾರಸಿಗೆ ಹೋಗಿ, ಉದ್ದ ದಾರಕ್ಕೆ ತೂಗುಗುಂಡು ಕಟ್ಟಿ ಸಂದಿಗೆ ಇಳಿಬಿಡಿ. ಒಂದೊಂದು ಮೀಟರಿಗೆ ಒಂದು ಸಲ. ಎಲ್ಲಿ ನಿಂತಿತೋ ಅಲ್ಲಿ ದಾರಕ್ಕೆ ಗಂಟು ಹಾಕಿ, ಮೇಲೆ ಎಳೆದು ಅಳೆದು ಬರೆದುಕೊಳ್ಳಿ. ಆ 75 ಮಿ.ಮೀ. ಸಂದಿನಲ್ಲಿ ನಾವು ಹೀಗೇ ಮಾಡಿದೆವು. ಹತ್ತೊಂಬತ್ತು ಕಡೆ ಇಳಿಬಿಟ್ಟರೆ ಹನ್ನೊಂದು ಕಡೆ ಗುಂಡು ನೆಲ ಮುಟ್ಟಲಿಲ್ಲ. ಗಾರೆ ಗಡ್ಡೆಗಳನ್ನು ಉದ್ದದ ಹಾರೆಯಿಂದ ಕುಟ್ಟಿ ಬೀಳಿಸಿದೆವು. ಹಲಗೆ ಮಾತ್ರ ಮೇಲಿನಿಂದ ಬರಲಿಲ್ಲ. ಎರಡನೇ ಮಹಡಿಯ ಬಾತ್‌ರೂಮ್ ಗೋಡೆಯಲ್ಲಿ ನಾಲ್ಕು ಇಟ್ಟಿಗೆ ಬಿಚ್ಚಿ, ಕೈ ಹಾಕಿ, ಗರಗಸದಲ್ಲಿ ಎರಡು ತುಂಡು ಮಾಡಿ ಎಳೆಯಬೇಕಾಯಿತು.